ಶಿರವಾಳದ ಕಲ್ಲು – ಕಂತು ಏಳು: ಖಾಲಿ ಕಾಲಂ

"ನಿಮ್ಮ ಪಟ್ಟಿಯೊಳಗಿನ ಯಾವುದರೇ ಒಂದು ಟಿಪ್ಪಣಿ ತೆಗೀರಿ," ಎಂದು ಠಾಣೆಯ ಹವಾಲ್ದಾರ್ ದೇವಿಂದ್ರ ಮಾನಿಟರನ್ನು ಮಹಾನಂದಾಳ ಕಡೆ ತಿರುಗಿಸಿದ. "ಯಾವುದಾದ್ರೂ ನಡೀತದ."

"ಯಾಕ ತೆಗೀಬೇಕು?"

"ತೆಗೀರಿ ಅಂದೆ."

ಅವಳು ಮೌಸಿನ ಮೇಲೆ ಕೈಯಿಟ್ಟಳು. ಬಾಣದ ಗುರುತು ಸರ್ರನೆ ಪರದೆಯ ಬಲ ಅಂಚಿಗೆ ಓಡಿತು. ಅಲ್ಲಿ ಏನೂ ಇರಲಿಲ್ಲ. ಕರೆಂಟು ಹೋದ ಮನೆಯಲ್ಲಿ ಬೆಂಕಿಪೊಟ್ಟಣಕ್ಕೆ ಕೈಹಾಕಿದವರಿಗೆ ಬರೀ ಗೋಡೆ ತಾಗಿದ ಹಾಗೆ ಅವಳ ಬೆರಳು ಒಂದು ಕ್ಷಣ ತಡವರಿಸಿತು. ಆಮೇಲೆ ಗುರುತು ಕೆಳಗಿಳಿದು, ಪಟ್ಟಿಯ ಅಡಿಯಲ್ಲಿ ಅಡ್ಡಲಾಗಿ ಬಿದ್ದಿದ್ದ ಟಿಪ್ಪಣಿಗಳ ಚೌಕವನ್ನು ಹುಡುಕಿಕೊಂಡಿತು.

"ತಗೋರಿ. ತೆಗದೆ. ಸಮಾಧಾನ ಆಯ್ತಾ?"

"ಈ ಪರದೆ ನೀವು ಜೋಡಿಸಿದ್ದಲ್ಲ."

"ಲ್ಯಾಪ್‌ಟಾಪು ನಂದು. ಪಾಸ್‌ವರ್ಡು ನಂದು. ಮತ್ತ್ಯಾರು ಬಂದು ಜೋಡಸ್ತಾರ?"

"ಹಂಗಾರ ಕೈ ಯಾಕ ಬಲಕ್ಕ ಹೋಯ್ತು?"

"ನನ್ನ ಕೈ. ಎಲ್ಲಿ ಬೇಕಲ್ಲಿ ಹೋಗ್ತದ. ಅದಕ್ಕೂ ನಿಮ್ಮ ಸಾಹೇಬರ ಪರ್ಮಿಷನ್ ಬೇಕೇನ್ರಿ?"

ಸಾಹೇಬರು ಬಾಗಿಲಿಗೊರಗಿ ಅಂಗೈಯಲ್ಲಿ ತಂಬಾಕು ತಿಕ್ಕುತ್ತಿದ್ದರು. ಸಬ್ ಇನ್‌ಸ್ಪೆಕ್ಟರ್ ಬಸವಂತ್ರಾಯ. ಈ ಪ್ರಕರಣ ಮುಗಿದೇ ಹೋಯಿತೆಂದು ಮೂರು ದಿನದಿಂದ ಹೇಳುತ್ತಿದ್ದವರು.

ಶಿರವಾಳದ ಹೊಲವೊಂದರ ಬದುವಿನಲ್ಲಿ ಮಹಾನಂದಾ ಕಂಡುಹಿಡಿದಿದ್ದ ಶಾಸನದ ಕಲ್ಲು ಹೋದ ಮಂಗಳವಾರ ಮಾಯವಾಗಿತ್ತು. ಅದೇ ದಿನ ಸಂಜೆ ನಾಲ್ಕು ಗಂಟೆ ಹನ್ನೆರಡು ನಿಮಿಷಕ್ಕೆ ಅವಳ ಲ್ಯಾಪ್‌ಟಾಪಿನಿಂದ ಆ ಕಲ್ಲಿನ ದಾಖಲೆ, ಹನ್ನೊಂದು ಫೋಟೋಗಳ ಸಮೇತ ಅಳಿಸಿಹೋಗಿತ್ತು. ಕಲ್ಲನ್ನು ಅವಳೇ ಮಾರಿ ಗುರುತು ಅಳಿಸಿದ್ದಾಳೆಂದು ದೂರು ಕೊಟ್ಟವರು ಅವಳ ಪಿಎಚ್‌.ಡಿ. ಮಾರ್ಗದರ್ಶಕರೇ.

"ನಾಳೆ ಹನ್ನೊಂದಕ್ಕ ಈಕಿನ್ನ ಮ್ಯಾಜಿಸ್ಟ್ರೇಟ್ ಮುಂದ ನಿಲ್ಲಸ್ತೀನಿ," ಎಂದರು ಬಸವಂತ್ರಾಯ. "ಅಳಿಸಿದ್ದು ಈಕಿನೇ ಅಂತ ರಿಪೋರ್ಟ್ ಕೊಡ್ತೀಯೋ, ಇಲ್ಲಾ ಪರದಿ ಮ್ಯಾಲಿನ ಗೆರಿ ಆಕಡೀಂದ ಈಕಡಿಗೆ ಸರದಾವ್ರಿ ಸ್ವಾಮಿ ಅಂತ ಕೋರ್ಟಿನಾಗ ಹಾಡು ಹೇಳ್ತೀಯೋ?"

"ಸಂಜಿತನಕ ಟೈಮ್ ಕೊಡ್ರಿ ಸರ್."

"ಕೊಟ್ಟೀನಿ. ನಿನ್ನ ಲೈಬ್ರರಿ ಹುಚ್ಚಿಗೆ ಇದೇ ಕಡೀದು."

ಮಹಾನಂದಾ ಎದ್ದಳು. "ನಾನೇ ಅಳಿಸೀನಿ ಅಂತ ಬರೀರಿ. ನಾ ಸಹಿ ಹಾಕ್ತೀನಿ. ಟೈಮ್ ಯಾರಿಗೆ ಬೇಕಾಗ್ಯಾದ?"

ಅದು ಹೆದರಿದವಳ ಮಾತಾಗಿರಲಿಲ್ಲ. ಅವಸರದಲ್ಲಿದ್ದವಳ ಮಾತಾಗಿತ್ತು. ಎರಡು ವರ್ಷ ಹೊಲ ಹೊಲ ಅಲೆದು ಮಾಡಿದ ಸಂಶೋಧನೆ, ಸಿಗಬೇಕಾದ ಪದವಿ, ಮುಂದಿನ ಬದುಕು ಇಷ್ಟನ್ನೂ ಬಿಟ್ಟು ಜೈಲಿಗೆ ಹೋಗಲು ಯಾಕಿಷ್ಟು ಅವಸರ?

ಹೊರಗೆ ವರಾಂಡದ ಕಟ್ಟೆಯ ಮೇಲೆ ಅವಳ ತಾಯಿ ಲಾಲಮ್ಮ ಕೂತಿದ್ದಳು. ಗೋಗಿಯ ಕಡೆ ಹತ್ತಿ ಬಿಡಿಸುವ ಕೂಲಿ. ದೇವಿಂದ್ರನನ್ನು ಕಂಡು ಮುಖ ತಿರುವಿಕೊಂಡಳು. "ನಮ್ಮವ ಒಬ್ಬ ಒಳಗ ಅದಾನ ಅಂತ ಧೈರ್ಯ ಇತ್ತು," ಎಂದು ಗೋಡೆಗೆ ಹೇಳಿದಳು. "ಖಾಕಿ ಹಾಕಿದ ಮ್ಯಾಲ ಯಾರು ಯಾರಿಗೆ ನಮ್ಮವರು?"

ಅವನು ಒಂದು ತಂಬಿಗೆ ನೀರು ತಂದು ಅವಳ ಪಕ್ಕ ಕಟ್ಟೆಯ ಮೇಲಿಟ್ಟ.

ಮತ್ತೆ ಒಳಗೆ ಬಂದು ಪರದೆಯ ಮುಂದೆ ಒಬ್ಬನೇ ಕೂತ. ಸೀಲಾದ ಲ್ಯಾಪ್‌ಟಾಪಿನ ಯಥಾವತ್ ನಕಲು ಅದು. ಸಂಶೋಧನೆ ಮಾಡುವವರು ತಾವು ಓದಿದ ಪುಸ್ತಕ, ಲೇಖನ, ತೆಗೆದ ಫೋಟೋ, ಬರೆದ ಟಿಪ್ಪಣಿ ಎಲ್ಲವನ್ನೂ ಕೂಡಿಡುವ ಆಕರಗಳ ಸಾಫ್ಟ್‌ವೇರ್. ಒಳಗಿನ ಸರಕು ಇಂಟರ್ನೆಟ್ಟಿನ ಮೂಲಕ ಯಾವ ಕಂಪ್ಯೂಟರಿಗಾದರೂ ಹೋಗಿ ಬರುತ್ತದೆ. ಆದರೆ ಪರದೆಯ ಜೋಡಣೆ ಎಲ್ಲಿಗೂ ಹೋಗುವುದಿಲ್ಲ. ಯಾವ ಕಾಲಂ ಮುಂದೆ, ಯಾವುದು ಹಿಂದೆ, ಟಿಪ್ಪಣಿ ಪಕ್ಕಕ್ಕೋ ಕೆಳಗೋ, ಅಕ್ಷರ ಎಷ್ಟು ದೊಡ್ಡದು – ಅದು ಆ ಯಂತ್ರದಲ್ಲೇ ಉಳಿಯುತ್ತದೆ, ಕೂತು ಎದ್ದುಹೋದವರ ಕುರ್ಚಿಯ ಬಿಸಿಯ ಹಾಗೆ.

ಅಂದರೆ ಈ ಲ್ಯಾಪ್‌ಟಾಪಿನ ಮುಂದೆಯೇ ಯಾರೋ ಕೂತಿದ್ದರು. ಕೂತವರು ಅಕ್ಷರವನ್ನು ಒಂದೂವರೆ ಪಟ್ಟು ಹಿಗ್ಗಿಸಿದ್ದರು. ಹಿಗ್ಗಿದ ಅಕ್ಷರಕ್ಕೆ ಅಗಲ ಸಾಲದೆ, ಅಕ್ಕಪಕ್ಕ ಇದ್ದ ಚೌಕಗಳನ್ನು ಒಂದರ ಕೆಳಗೊಂದು ಮಾಡಿಕೊಂಡಿದ್ದರು. ಕಣ್ಣು ಮಂದವಾದವರು.

ಇನ್ನೊಂದು ಗುರುತನ್ನು ಅವನು ಮೂರು ದಿನದಿಂದ ನೋಡುತ್ತಿದ್ದ. ಯಾರಿಗೂ ಹೇಳಿರಲಿಲ್ಲ.

ಪಟ್ಟಿಯ ಮೊದಲ ಕಾಲಂ ಕಾಲ್ ನಂಬರಿನದು. ಗ್ರಂಥಾಲಯದ ಪುಸ್ತಕದ ಬೆನ್ನಿಗೆ ಚೀಟಿ ಅಂಟಿಸಿ ಬರೆಯುತ್ತಾರಲ್ಲ, ಕಪಾಟಿನಲ್ಲಿ ಅದರ ಜಾಗ ಹೇಳುವ ಸಂಖ್ಯೆ, ಅದು. ಮಹಾನಂದಾಳ ಆರುನೂರ ನಲವತ್ತಮೂರು ದಾಖಲೆಗಳಲ್ಲಿ ಒಂದಕ್ಕೂ ಕಾಲ್ ನಂಬರ್ ಇರಲಿಲ್ಲ. ಮೇಲಿನಿಂದ ಕೆಳಗಿನ ತನಕ ಕಾಲಂ ಬೆಳ್ಳಗೆ ಖಾಲಿ ಬಿದ್ದಿತ್ತು. ಆದರೂ ಯಾರೋ ಅದನ್ನು ಮರೆಯಿಂದ ಹೊರಗೆಳೆದು ಎಲ್ಲಕ್ಕಿಂತ ಮುಂದೆ ಇಟ್ಟಿದ್ದರು.

ಏನೂ ಇಲ್ಲದ್ದನ್ನು ಮುಂದಿಟ್ಟುಕೊಂಡು ನೋಡುವವರು ಯಾರು? ಪಟ್ಟಿ ಕಂಡ ಕೂಡಲೇ, ಅದರೊಳಗೆ ಏನಿದೆ ಏನಿಲ್ಲ ಎಂದು ನೋಡುವ ಮೊದಲೇ, ಕೈ ತಾನಾಗಿ ಆ ಕೆಲಸ ಮಾಡುವವರು. ಗ್ರಂಥಪಾಲಕರು.

ದೇವಿಂದ್ರನಿಗೆ ಅದು ಗೊತ್ತಿತ್ತು, ಯಾಕೆಂದರೆ ಅವನ ಕೈಯೂ ಹಾಗೇ ಮಾಡುತ್ತಿತ್ತು. ಎಂ.ಲಿಬ್ ಮುಗಿಸಿ ಮೂರು ಸಲ ಗ್ರಂಥಪಾಲಕನ ಸಂದರ್ಶನಕ್ಕೆ ಹೋಗಿ, ನಾಲ್ಕನೆಯ ಸಲ ಪೊಲೀಸ್ ಪರೀಕ್ಷೆಗೆ ಕೂತವನು ಅವನು.

*

ಯಾದಗಿರಿಯಿಂದ ಶಹಾಪುರಕ್ಕೆ ಬೈಕಿನಲ್ಲಿ ಹೋಗುವಾಗ ದಾರಿಯುದ್ದಕ್ಕೂ ಹತ್ತಿ ಹೇರಿದ ಟ್ರ್ಯಾಕ್ಟರುಗಳು. ಮಲಗಿದ ಬುದ್ಧನ ಗುಡ್ಡ ದೂರದಿಂದಲೇ ಕಂಡಿತು. ಹೆಸರೊಂದು ಎದೆಯಲ್ಲಿ ಎದ್ದಿತ್ತು. ಅದನ್ನು ಅವನು ತುಳಿದು ಕೂರಿಸುತ್ತಲೇ ಬಂದ.

ಮಹಾನಂದಾ ಓದುವ ಖಾಸಗಿ ಕಾಲೇಜಿನ ಗ್ರಂಥಪಾಲಕಿ ನಾಗರತ್ನಾ. ಆ ಕೆಲಸಕ್ಕೆ ಅವನೂ ಅರ್ಜಿ ಹಾಕಿದ್ದ, ಒಂದೇ ದಿನ ಒಂದೇ ಬೆಂಚಿನ ಮೇಲೆ ಕೂತು ಇಬ್ಬರೂ ಕಾದಿದ್ದರು.

"ಬರ್ರಿ ಬರ್ರಿ, ಹವಾಲ್ದಾರ್ ಸಾಹೇಬ್ರ," ಎಂದಳು ನಾಗರತ್ನಾ, ಕುರ್ಚಿ ತೋರಿಸದೆ. "ಈ ಕುರ್ಚಿ ಸಿಗಲಿಲ್ಲ ಅಂತ ಹತ್ತು ವರ್ಷದ ಸಿಟ್ಟು, ಈಗ ವಾರಂಟ್ ತಗೊಂಡು ಬಂದ್ರೇನು?"

"ಮಹಾನಂದಾ ತನ್ನ ಪರದೆ ಹ್ಯಾಂಗ ಇಟ್ಕೋತಿದ್ದಳು? ನೀವು ನೋಡೀರಾ?"

"ನೋಡೋದೇನು, ಗೋಡಿಗೇ ಹಚ್ಚೀನಿ." ನೋಟಿಸ್ ಬೋರ್ಡಿನ ಕಡೆ ಗದ್ದ ಚಾಚಿದಳು. ಕಿರಿಯ ವಿದ್ಯಾರ್ಥಿಗಳಿಗೆ ಈ ಸಾಫ್ಟ್‌ವೇರ್ ಕಲಿಸಲು ಮಹಾನಂದಾ ಮಾಡಿದ್ದ ಹಾಳೆ. ಅವಳ ಪರದೆಯದೇ ಚಿತ್ರ. ಸಣ್ಣ ಅಕ್ಷರ. ಹೊಸದಾಗಿ ಸೇರಿಸಿದ್ದು ಎಲ್ಲಕ್ಕಿಂತ ಮೇಲೆ. ಟಿಪ್ಪಣಿಗಳು ಬಲಕ್ಕೆ. ಕಾಲ್ ನಂಬರ್ ಎಲ್ಲೂ ಇಲ್ಲ.

ಠಾಣೆಯಲ್ಲಿ ಮಹಾನಂದಾಳ ಕೈ ಬಲಕ್ಕೆ ಓಡಿದ್ದು ಅದಕ್ಕೇ.

ದೇವಿಂದ್ರ ತನ್ನ ಫೋನಿನಲ್ಲಿದ್ದ, ಆ ಲ್ಯಾಪ್‌ಟಾಪಿನ ಈಗಿನ ಪರದೆಯ ಚಿತ್ರವನ್ನು ತೋರಿಸಿದ. ನಾಗರತ್ನಾ ಕನ್ನಡಕ ಇಲ್ಲದೆಯೇ ಅದನ್ನು ಓದಿದಳು. ಓದಿ, ತನ್ನ ಕಂಪ್ಯೂಟರನ್ನು ಅವನ ಕಡೆ ಹೊರಳಿಸಿದಳು. ಅಲ್ಲಿ ಎಲ್ಲಕ್ಕಿಂತ ಮುಂದೆ ಪುಸ್ತಕದ ಹೆಸರು, ಕಾಲ್ ನಂಬರ್ ಕಟ್ಟಕಡೆಗೆ.

"ನನ್ನ ಮ್ಯಾಲ ಹಾಕಬೇಕಂತ ಬಂದಿದ್ದಿ. ಆಗಂಗಿಲ್ಲ. ಕೇಳೋರು ಹೆಸರು ಹೇಳಿ ಕೇಳ್ತಾರ, ನಂಬರ್ ಹೇಳಿ ಯಾರು ಕೇಳ್ತಾರ? ನಂಬರ್ ಮೊದಲ, ಆಮ್ಯಾಲ ಇಸವಿ, ಆಮ್ಯಾಲ ಬರದವರು, ಹೆಸರು ಕಡೀಕ. ಈ ಹುಚ್ಚು ಈ ಜಿಲ್ಲಾದಾಗ ಇಬ್ಬರಿಗೇ ಇರೋದು. ಒಬ್ಬ ನೀ."

ಅವನು ಫೋನನ್ನು ಜೇಬಿಗಿಳಿಸಿದ.

"ಇನ್ನೊಬ್ಬರು ಯಾರಂತ ನನ್ನ ಬಾಯಿಲೆ ಯಾಕ ಹೇಳಸ್ತಿ? ನಿನಗ ಗೊತ್ತಿದ್ದದ್ದೇ. ಮಹಾನಂದಾನೂ ಪುಸ್ತಕಕ್ಕಂತ ಅವರ ಮನಿಗೇ ಹೋಗ್ತಿದ್ದಳು. ಹೋಗು, ಧೈರ್ಯ ಇದ್ದರ ಸುರಪುರಕ್ಕ ಹೋಗು."

*

ಚನ್ನಯ್ಯನವರ ಮನೆ ಸುರಪುರದ ರಂಗಂಪೇಟೆಯಲ್ಲಿ. ಮೂವತ್ತು ವರ್ಷ ಗ್ರಂಥಪಾಲಕರಾಗಿದ್ದು ನಿವೃತ್ತರಾದವರು. ದೇವಿಂದ್ರನಿಗೆ ಎಂ.ಲಿಬ್ ಸೀಟು ಕೊಡಿಸಿದವರು. ಎರಡು ವರ್ಷ ಭಾನುವಾರ ಭಾನುವಾರ ಇದೇ ಪಡಸಾಲೆಯಲ್ಲಿ ಕೂರಿಸಿ ಕಲಿಸಿದವರು. ಹೆಸರು ಆಸೆ ಹಚ್ಚುತ್ತದೆ, ನಂಬರ್ ಜಾಗ ತೋರಿಸುತ್ತದೆ, ಮೊದಲು ಜಾಗ ನೋಡು ಎಂದು ಬೆರಳ ಗೆಣ್ಣಿಗೆ ಹೊಡೆದು ಹೇಳಿದವರು.

ಬಾಗಿಲು ತೆಗೆದವರು ಪಾರ್ವತಿಬಾಯಿ, ಅವರ ಹೆಂಡತಿ. "ಬಾರಪಾ ತಮ್ಮಾ, ಎಷ್ಟು ದಿನಾತು. ಊಟ ಆಗ್ಯಾದೇನು?"

ಒಳಗಿನಿಂದ ದನಿ ಬಂತು. "ಖಾಕಿ ಬಿಚ್ಚಿಟ್ಟು ಬಂದಾನೋ, ಹಾಕ್ಕೊಂಡು ಬಂದಾನೋ ಕೇಳು."

ಅವನು ಸಾದಾ ಅಂಗಿಯಲ್ಲಿದ್ದ. ಪಾರ್ವತಿಬಾಯಿ ಅವನ ಅಂಗಿಯನ್ನೂ ಮುಖವನ್ನೂ ನೋಡಿ, ಮಾತಾಡದೆ ಅಡುಗೆಮನೆಗೆ ಹೋದರು.

"ಹಾಕ್ಕೊಂಡೇ ಬಂದೀನ್ರಿ ಸರ್."

"ಹಂಗಾರ ನಿಂತೇ ಮಾತಾಡು."

ಚನ್ನಯ್ಯನವರು ಬಾಗಿಲಿಗೆ ಬೆನ್ನು ಹಾಕಿ ಕಂಪ್ಯೂಟರಿನ ಮುಂದೆ ಕೂತಿದ್ದರು. ದೇವಿಂದ್ರ ಬಾಗಿಲ ಬಳಿಯೇ ನಿಂತ. ಫೋನಿನಲ್ಲಿದ್ದ ಚಿತ್ರವನ್ನು ತೆಗೆದು ಕೈ ಚಾಚಿದ. ಅವರು ತಿರುಗಲಿಲ್ಲ.

"ಮಹಾನಂದಾನ ಲ್ಯಾಪ್‌ಟಾಪಿನ ಪರದೆ ಸರ್. ಕಾಲ್ ನಂಬರ್ ಕಾಲಂ ಎಲ್ಲಕ್ಕಿಂತ ಮುಂದ ಇಟ್ಟಾರ."

"ಇಡ್ಲಿ."

"ಅದರಾಗ ಏನದ, ನೋಡ್ರಿ."

"ನೋಡೋದೇನದ? ಖಾಲಿ ಕಾಲಂ."

ಹೊರಗೆ ಯಾರದೋ ಆಟೋ ಹಾರ್ನ್ ಹೊಡೆದು ಹೋಯಿತು. ದೇವಿಂದ್ರ ಚಾಚಿದ ಕೈಯನ್ನು ಹಾಗೇ ಹಿಡಿದಿದ್ದ.

"ಫೋಟೋ ಇನ್ನಾ ನನ್ನ ಕೈಯಾಗೇ ಅದ ಸರ್. ನೀವು ತಿರುಗಿ ನೋಡಿಲ್ಲ."

ಚನ್ನಯ್ಯನವರ ಬೆನ್ನು ಅಲುಗಲಿಲ್ಲ. ಆ ಬೆನ್ನಿನಾಚೆ ಪರದೆ ಕಾಣುತ್ತಿತ್ತು. ಅವರ ಸ್ವಂತ ಪುಸ್ತಕಗಳ ಪಟ್ಟಿ. ಹಿಗ್ಗಿಸಿದ ಅಕ್ಷರ, ಒಂದರ ಕೆಳಗೊಂದು ಚೌಕ, ಮೊದಲ ಕಾಲಮ್ಮಿನಲ್ಲಿ ಸಾಲಾಗಿ ಕಾಲ್ ನಂಬರುಗಳು. ಇಲ್ಲಿ ಮಾತ್ರ ಒಂದೂ ಖಾಲಿ ಇರಲಿಲ್ಲ.

ಅವರು ನಿಧಾನಕ್ಕೆ ಕುರ್ಚಿ ತಿರುಗಿಸಿದರು. ಕಣ್ಣಿನಲ್ಲಿ ಪೊರೆ, ಆದರೂ ನೋಟ ಚಾಕುವಿನಂತೆಯೇ ಇತ್ತು.

"ಭಪ್ಪರೆ," ಎಂದರು. "ನಾ ಕಲಿಸಿದ ವಿದ್ಯಾ ನನ್ನ ಕೊರಳಿಗೇ ತಂದು ಬಿಗದಿ. ಆಗ ಎಲ್ಲಾರೂ ಹೇಳಿದ್ದರು, ನಿನ್ನಂಥವನ್ನ ಮನಿ ಒಳಗ ಬಿಟ್ಕೋಬ್ಯಾಡ್ರಿ ಅಂತ."

"ನನ್ನಂಥವ ಅಂದ್ರ?"

ಹದಿನೈದು ವರ್ಷದಿಂದ ಇಬ್ಬರ ನಡುವೆ ಯಾರೂ ಎತ್ತಿರದಿದ್ದ ಮಾತು ಅದು. ಈಗಲೂ ಅದು ಎದ್ದು ನಿಂತು, ಇಬ್ಬರನ್ನೂ ನೋಡಿ, ಹಾಗೇ ಕೂತಿತು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತುಹೋಗಿತ್ತು.

"ಆ ಹುಡುಗಿ ನಾಳೆ ಜೈಲಿಗೆ ಹೋಗ್ತಾಳ್ರಿ ಸರ್," ಎಂದ ದೇವಿಂದ್ರ. "ತಾನೇ ಅಳಿಸೀನಿ ಅಂತ ಸಹಿ ಹಾಕಾಕ ನಿಂತಾಳ. ನಿಮ್ಮನ್ನ ಉಳಿಸಾಕ. ನೀವು ಇಲ್ಲಿ ಪುಸ್ತಕ ಎಣಿಸ್ಕೋತ ಕುಂತೀರಿ."

"ಬಾಯಿ ಮುಚ್ಚು!"

"ಆಕಿ ಪಾಸ್‌ವರ್ಡ್ ಹ್ಯಾಂಗ ಸಿಕ್ಕಿತು? ಕದ್ದೀರೇನು?"

ಆ ಒಂದು ಶಬ್ದಕ್ಕೆ ಮುದುಕರು ಎದ್ದು ನಿಂತುಬಿಟ್ಟರು. ಕುರ್ಚಿ ಗೋಡೆಗೆ ಬಡಿಯಿತು. "ಕದಿಯೋದು ನನ್ನ ವಂಶದಾಗ ಇಲ್ಲಲೇ! ಆಕಿನೇ ತೆಗದು ಕೊಟ್ಟಾಳ. ಇಲ್ಲೇ, ಈ ಮೇಜಿನ ಮ್ಯಾಲ. ನನ್ನ ಬಾಜೂಕ ಕುಂತಿದ್ದಳು."

ದೇವಿಂದ್ರ ತಾನು ಕೇಳಿದ್ದು ಸರಿಯೇ ಎಂಬಂತೆ ಅವರನ್ನೇ ನೋಡಿದ.

"ಹೌದು, ನಾನೇ ಅಳಿಸೀನಿ. ಆಕಿ ಮೌಸ್ ನನ್ನ ಕಡೆ ಸರಿಸಿದಳು. ತಾ ಹುಡುಕಿದ್ದನ್ನ ತಾನೇ ಅಳಸಲಾರೆ ಅಂದಳು. ಕಲ್ಲಿನ ಮಾತು ಬ್ಯಾರೆ ಎಲ್ಲರೇ ಉಳದದೇನು ಅಂತ ಆರುನೂರ ಚಿಲ್ಲರ ದಾಖಲಿ ಒಂದೊಂದೇ ನೋಡಬೇಕಾಗಿತ್ತು. ನೋಡಬೇಕಂದ್ರ ನನ್ನ ಕಣ್ಣಿಗೆ ಹೊಂದಂಗ ಹಚ್ಕೋಬೇಕಲ್ಲ? ಹಚ್ಕೊಂಡೆ. ಮೊದಲಿದ್ದಂಗ ಇಡೋದು ಮರೆತೆ. ಮರುದಿನ ಮುಂಜಾನಿನೇ ನಿಮ್ಮವರು ಬಂದು ಒಯ್ದರು."

"ಯಾಕ ಅಳಿಸಿದ್ರಿ?"

"ಆ ಹೊಲ ಪ್ಲಾಟಿಗೆ ಹೋಗ್ಯಾದ. ಶಾಸನ ಅದ ಅಂತ ಸರಕಾರಕ್ಕ ಗೊತ್ತಾದ್ರ ಪ್ಲಾಟ್ ನಿಲ್ತಾವ. ಬುಧವಾರ ಜೆಸಿಬಿ ಬರೋದಿತ್ತು. ಕಲ್ಲು ಒಡದು ಬುನಾದಿಗೆ ಹಾಕ್ತಿದ್ದರು. ಪ್ಲಾಟಿನಾಗ ಪಾಲು ಯಾರದದ ಗೊತ್ತೇನು? ದೂರು ಕೊಟ್ಟಾನಲ್ಲ, ಆಕಿ ಗೈಡ್, ಅವಂದು."

ಅವರು ಮೇಜಿನ ಅಂಚು ಹಿಡಿದು ಉಸಿರು ತೆಗೆದುಕೊಂಡರು.

"ಮಂಗಳವಾರ ನಸುಕಿನ್ಯಾಗ ಕಲ್ಲು ಎತ್ತಿ ಸಾಗಿಸಿದ್ವಿ. ಕೆಲಸ ಅಲ್ಲಿಗೇ ಮುಗೀತಿತ್ತು. ಆದ್ರ ಈ ಹುಚ್ಚಿ ಮಧ್ಯಾಹ್ನ ಕುಂತು ಏನು ಮಾಡ್ಯಾಳ? ಸಂಶೋಧಕಿ ಅಲ್ಲ, ಒಂದು ಅಕ್ಷರ ತಪ್ಪಬಾರದು. ಕಲ್ಲು ಎಲ್ಲಿಂದ ಎಲ್ಲಿಗೆ ಹೋಯ್ತು, ತಾರೀಖು, ಊರು, ಮನಿ, ಮನಿಯವರ ಹೆಸರು, ಎಲ್ಲಾ ಆ ದಾಖಲಿಗೆ ಸೇರಿಸ್ಯಾಳ. ಆ ಪಟ್ಟಿ ಗೈಡಿಗೂ ಕಾಣ್ತದ ಅನ್ನೋದು ತಲ್ಯಾಗೇ ಇಲ್ಲ. ನಾಕು ಗಂಟೆಕ್ಕ ಇಲ್ಲಿ ಬಂದು ಹೆಮ್ಮಿಲೆ ತೋರಸ್ತಾಳ, 'ನೋಡ್ರಿ ಸರ್, ಎಲ್ಲಾ ದಾಖಲಿ ಮಾಡೀನಿ' ಅಂತ! ಇಡೀ ದಾಖಲಿನೇ ತೆಗದು ಹಾಕಿದೆ. ಫೋಟೋ ನನ್ನ ಹತ್ತರ ಪೆನ್‌ಡ್ರೈವಿನಾಗ ಅದಾವ."

ಎಲ್ಲ ಕೂಡಿಬಂದಿತ್ತು. ಆದರೂ ದೇವಿಂದ್ರನಿಗೆ ಯಾವ ಸಮಾಧಾನವೂ ಆಗಲಿಲ್ಲ.

"ಇದನ್ನ ಬಂದು ಸಾಹೇಬರ ಮುಂದ ಹೇಳ್ರಿ ಸರ್. ಕಲ್ಲು ಒಪ್ಪಿಸ್ರಿ. ಆಕಿ ಇವತ್ತೇ ಮನಿಗೆ ಹೋಗ್ತಾಳ."

"ಹೇಳ್ತೀನಿ. ನನಗೇನು ಹೆದರಿಕಿ? ಎಪ್ಪತ್ತಾಗ್ಯಾವ." ಚನ್ನಯ್ಯನವರು ನಕ್ಕರು. ಆ ನಗುವಿನಲ್ಲಿ ಒಂದಿಷ್ಟೂ ಮೆತ್ತಗಿನದು ಇರಲಿಲ್ಲ. "ಆಕಿ ಸಹಿ ಹಾಕಾಕ ನಿಂತದ್ದು ನನ್ನ ಸಲುವಾಗಿ ಅಂತ ತಿಳದೀಯಲ್ಲ, ಜಾಣ. ನನ್ನ ಸಲುವಾಗಿ ಅಲ್ಲ. ಕಲ್ಲು ಇಟ್ಕೊಂಡವನ ಸಲುವಾಗಿ. ಕಳುವಿನ ಮಾಲು ಅಂತ ಮೊದಲ ಅವನನ್ನೇ ಒಳಗ ಹಾಕ್ತಾರ. ಅವಗ ಓದು ಬರಂಗಿಲ್ಲ, ಬರಹ ಬರಂಗಿಲ್ಲ. ನಾ ಕೇಳ್ದೆ ಅಂತ ಹ್ಞೂಂ ಅಂದಾನ. ನನ್ನ ಋಣ ಅದ ಅಂತ."

"ಯಾರು?"

"ಕೊಂಕಲ್‌ದಾಗ, ನಿಮ್ಮಪ್ಪ ಈಶಪ್ಪ. ನಿಮ್ಮ ಮನಿ ಹಿತ್ತಲದಾಗ ಅದ, ಜೋಳದ ಕಣಿಕಿ ಬಣವಿ ಕೆಳಗ. ಬರಿ ಈಗ ನಿನ್ನ ರಿಪೋರ್ಟ್."

ಅವನು ಅಂಗಳಕ್ಕೆ ಬಂದದ್ದು ಹೇಗೆಂದು ಅವನಿಗೇ ತಿಳಿಯಲಿಲ್ಲ. ಬಿಸಿಲು ಇಳಿಯುತ್ತಿತ್ತು. ಫೋನು ಕೈಯಲ್ಲಿತ್ತು. ಐದು ಸಲ ರಿಂಗಾದ ಮೇಲೆ ಅಪ್ಪ ಎತ್ತಿಕೊಂಡ.

"ಹೇಳಪಾ."

"ಅಪ್ಪಾ, ಹಿತ್ತಲದಾಗ ಕಲ್ಲು ಅದ ಏನು?"

ಅತ್ತ ಉಸಿರಿನ ಸದ್ದು. ಸುಳ್ಳು ಹೇಳಿ ಅಭ್ಯಾಸವಿಲ್ಲದವನ ಉಸಿರು.

"ಇತ್ತಪಾ."

"ಇತ್ತು ಅಂದ್ರ?"

"ಮುಂಜಾನಿ ಒಯ್ದರಲ್ಲ, ನೀ ಕಳಿಸಿದ ಮಂದಿ. ಖಾಕಿಯವರು ಮೂರು ಮಂದಿ, ಒಂದು ಗಾಡಿ. ದೇವಿಂದ್ರನೇ ಕಳಿಸ್ಯಾನ, ಇಲ್ಲಿದ್ರ ನಿನಗ ತೊಂದರಿ ಆಗ್ತದ ಅಂದ್ರು. ನಾನೇ ಕೈ ಹಚ್ಚಿ ಏರಿಸಿ ಕೊಟ್ಟೆ."

"ನಾ ಯಾರನ್ನೂ ಕಳಿಸಿಲ್ಲಪಾ!"

"ಕಳಿಸಿಲ್ಲ ಅಂದ್ರ ಹ್ಯಾಂಗೋ? ಕಾಗದ ಕೊಟ್ಟಾರ. ಬಾಜೂಮನಿ ಹುಡುಗಿ ಮಸರತ ಓದಿ ಹೇಳ್ಯಾಳ. 'ಕಲ್ಲು ನನಗ ಮುಟ್ಟ್ಯಾದ' ಅಂತ ನೀನೇ ಬರದಂಗ ಬರದು, ಕೆಳಗ ನಿನ್ನ ಹೆಸರು, ನಿನ್ನ ನಂಬರು, ನಿನ್ನ ಸಹಿ."

ಫೋನು ಕಿವಿಗಿದ್ದಂತೆಯೇ ದೇವಿಂದ್ರ ತಿರುಗಿದ. ಚನ್ನಯ್ಯನವರು ಹೊಸ್ತಿಲ ಮೇಲೆ ಬಂದು ನಿಂತಿದ್ದರು. ಅಪ್ಪನ ದನಿ ದೊಡ್ಡದು. ಅಲ್ಲಿಯ ತನಕ ಕೇಳಿಸಿತ್ತು. ಪೊರೆ ಬಂದ ಕಣ್ಣುಗಳನ್ನು ಕಿರಿದು ಮಾಡಿ, ಕಪಾಟಿನಲ್ಲಿ ತಪ್ಪು ಜಾಗದಲ್ಲಿ ಸಿಕ್ಕ ಪುಸ್ತಕವನ್ನು ನೋಡುವಂತೆ ಅವರು ಅವನನ್ನು ಮೇಲಿಂದ ಕೆಳಗೆ ನೋಡಿದರು.

"ಕಲ್ಲು ಎಲ್ಲದ, ದೇವಿಂದ್ರ?"